ಹದವಾದ ಚಳಿಯಿರುವಲ್ಲಿ ಮನೆಯಲ್ಲೇ ನಿಂಬೆ, ಕಿತ್ತಳೆ ಬೆಳೆಯುವುದು ಹೇಗೆ?

ನಿಂಬೆ ಜಾತಿಯ ಗಿಡಗಳ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ನಾಲ್ಕೇ. ಎಲೆ ಹಳದಿಯಾಗಿದೆ, ಏನು ಹಾಕಲಿ? ಹೂ ಬಿಡುತ್ತದೆ, ಕಾಯಿ ನಿಲ್ಲುವುದಿಲ್ಲ, ಯಾಕೆ? ಬೀಜದಿಂದ ಬೆಳೆಸಿದ ಗಿಡಕ್ಕೆ ಐದು ವರ್ಷವಾಯಿತು, ಒಂದು ಹೂವೂ ಇಲ್ಲವಲ್ಲ? ಚಳಿಗಾಲದಲ್ಲಿ ಕಾಪಾಡುವುದು ಹೇಗೆ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಕೆಲಸದ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

ಹದವಾದ ಚಳಿ ಎಂದರೆ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 2ರಿಂದ 12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ, ವರ್ಷಕ್ಕೆ ಎಲ್ಲೋ ಒಂದೆರಡು ರಾತ್ರಿ ಮಾತ್ರ ಸೊನ್ನೆ ಮುಟ್ಟುವ ಚಳಿ. ಇಂಥ ಕಡೆ ಇರುವವರು ಚಳಿಗೆ ಹೆದರುವುದೇ ಹೆಚ್ಚು. ನಿಜವಾಗಿ ಈ ಚಳಿ ಗಿಡಕ್ಕೆ ಒಳ್ಳೆಯದು. ಉಷ್ಣಾಂಶ 13 ಡಿಗ್ರಿಗಿಂತ ಕೆಳಗಿಳಿದಾಗ ನಿಂಬೆ ಜಾತಿಯ ಗಿಡಗಳು ಬೆಳೆಯುವುದನ್ನು ಬಹುಪಾಲು ನಿಲ್ಲಿಸುತ್ತವೆ. ಆ ವಿಶ್ರಾಂತಿಯೇ ಮುಂದಿನ ಹೂವಿಗೆ ತಯಾರಿ. ಕಿತ್ತಳೆಯ ಸಿಪ್ಪೆಗೆ ಬಣ್ಣ ಬರುವುದೂ ತಂಪು ರಾತ್ರಿಗಳಿಂದಲೇ. ಮನೆಗಳಲ್ಲಿ ಗಿಡ ಸಾಯುವುದು ಚಳಿಯಿಂದ ಕಡಿಮೆ, ಬೇರು ಸದಾ ಒದ್ದೆಯಾಗಿರುವುದರಿಂದ ಹೆಚ್ಚು. ಹಾಗಾಗಿ ಈ ಲೇಖನದಲ್ಲಿ ಚಳಿಗಿಂತ ನೀರಿನ ಮಾತೇ ಜಾಸ್ತಿ ಬರುತ್ತದೆ.

ಹಂತ 1: ಯಾವ ಹಣ್ಣು ಎಂದು ತೀರ್ಮಾನಿಸಿ

ಎಲ್ಲ ನಿಂಬೆ ಜಾತಿಗಳೂ ಚಳಿಯನ್ನು ಒಂದೇ ರೀತಿ ತಾಳುವುದಿಲ್ಲ. ತೆಳು ಸಿಪ್ಪೆಯ, ಗುಂಡಗಿನ ಚಿಕ್ಕ ಹುಳಿನಿಂಬೆ ಮತ್ತು ಮಾದಲ ಬಲು ನಾಜೂಕು. ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದರೂ ಇವುಗಳ ಎಳೆ ಚಿಗುರು ಸುಡುತ್ತದೆ. ತುದಿ ಮೊನಚಾದ, ಹಳದಿ ಸಿಪ್ಪೆಯ ದೊಡ್ಡ ಲೆಮನ್ ಸ್ವಲ್ಪ ವಾಸಿ. ಕಿತ್ತಳೆ, ಚಕ್ಕೋತಗಳು ಅದಕ್ಕಿಂತ ಗಟ್ಟಿ. ಸಿಪ್ಪೆ ಸುಲಭವಾಗಿ ಬಿಡುವ ಮ್ಯಾಂಡರಿನ್ ಗುಂಪಿನ ಸತ್ಸುಮಾ ಮತ್ತು ಸಿಪ್ಪೆ ಸಮೇತ ತಿನ್ನುವ ಪುಟ್ಟ ಕುಮ್ಕ್ವಾಟ್ ಎಲ್ಲಕ್ಕಿಂತ ಗಟ್ಟಿ.

ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ಮೇಯರ್ ನಿಂಬೆ ಅಥವಾ ಕುಮ್ಕ್ವಾಟ್. ಮೇಯರ್ ಅಪ್ಪಟ ನಿಂಬೆಯಲ್ಲ. ಒಂದು ಕಡೆ ಮಾದಲ, ಇನ್ನೊಂದು ಕಡೆ ಮ್ಯಾಂಡರಿನ್ ಮತ್ತು ಚಕ್ಕೋತಗಳ ರಕ್ತ ಸೇರಿದ ತಳಿ. ಫ್ರಾಂಕ್ ಮೇಯರ್ ಎಂಬ ಸಸ್ಯಶೋಧಕ 1908ರಲ್ಲಿ ಚೀನಾದಿಂದ ಅಮೆರಿಕಕ್ಕೆ ತಂದದ್ದರಿಂದ ಆ ಹೆಸರು. ಗಿಡ ಗಿಡ್ಡ, ಕುಂಡದಲ್ಲಿ ಚೆನ್ನಾಗಿ ಬರುತ್ತದೆ, ಹುಳಿ ಕಡಿಮೆ, ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೂ ಬಿಡುತ್ತದೆ.

ಸಿಹಿ ಹಣ್ಣೇ ಬೇಕೆನ್ನುವವರು ಇನ್ನೊಂದನ್ನು ಗಮನಿಸಿ. ಕಿತ್ತಳೆಗೆ ಸಿಹಿ ಬರಲು ಬೇಸಿಗೆಯ ಬಿಸಿಲು ತಿಂಗಳುಗಟ್ಟಲೆ ಬೇಕು. ನಿಂಬೆಗೆ ಹುಳಿ ಬಂದರೆ ಸಾಕಲ್ಲ, ಅದಕ್ಕೆ ಅಷ್ಟು ಬಿಸಿ ಬೇಡ. ಬೇಸಿಗೆಯೂ ತಂಪಾಗಿರುವ ಜಾಗದಲ್ಲಿ ಕಿತ್ತಳೆ ನೆಟ್ಟು ಹಣ್ಣು ಹುಳಿ ಎಂದು ಬೇಸರಪಡುವುದಕ್ಕಿಂತ ನಿಂಬೆ ನೆಡುವುದೇ ಮೇಲು.

ಹಂತ 2: ಕಸಿ ಗಿಡವನ್ನೇ ತನ್ನಿ

ಬೀಜದಿಂದ ಗಿಡ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ನಿಂಬೆ ಜಾತಿಯ ಹಲವು ಬೀಜಗಳಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿದ್ದು, ಕೆಲವು ತಾಯಿಯ ಅಂಗಾಂಶದಿಂದಲೇ ಹುಟ್ಟುವುದರಿಂದ ಮೊಳಕೆ ಎಷ್ಟೋ ಸಲ ತಾಯಿಯ ಪಡಿಯಚ್ಚೇ ಆಗಿರುತ್ತದೆ. ಚಕ್ಕೋತದಲ್ಲಿ ಮಾತ್ರ ಹಾಗಾಗುವುದಿಲ್ಲ, ಬೀಜದ ಗಿಡ ಬೇರೆಯದೇ ಗುಣ ತೋರಿಸುತ್ತದೆ. ಆದರೆ ತೊಂದರೆ ಇರುವುದು ಕಾಲದಲ್ಲಿ. ಬೀಜದ ಗಿಡ ತನ್ನ ಎಳೆಪ್ರಾಯ ಕಳೆದು ಹೂವಿಗೆ ಬರಲು ಐದರಿಂದ ಎಂಟು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟು ವರ್ಷವೂ ಉದ್ದುದ್ದ ಮುಳ್ಳು. ಕಸಿ ಗಿಡದ ಕಣ್ಣು, ಅಂದರೆ ಮೊಗ್ಗಿನ ಭಾಗ, ಈಗಾಗಲೇ ಹಣ್ಣು ಬಿಡುತ್ತಿರುವ ಮರದಿಂದ ಬಂದದ್ದು. ಹಾಗಾಗಿ ಎರಡು ಮೂರು ವರ್ಷದಲ್ಲಿ ಹಣ್ಣು ಸಿಗುತ್ತದೆ. ಬೀಜವಿಲ್ಲದ ನೇವಲ್ ಕಿತ್ತಳೆಗಂತೂ ಕಸಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಬ್ರೆಜಿಲ್‌ನ ಬಾಹಿಯಾದಿಂದ ಹೊರಟ ಆ ತಳಿ ಕಸಿಯಿಂದ ಕಸಿಗೆ ದಾಟಿಯೇ ಲೋಕವೆಲ್ಲ ಹಬ್ಬಿತು.

ಗಿಡ ಆರಿಸುವಾಗ ಇಷ್ಟನ್ನು ನೋಡಿ:

- ಬುಡದಿಂದ ಸುಮಾರು 15-20 ಸೆಂಟಿಮೀಟರ್ ಮೇಲೆ ಕಸಿಯ ಗಂಟು ಕಾಣಬೇಕು. ಆ ಜಾಗದಲ್ಲಿ ಕಾಂಡ ತುಸು ಸೊಟ್ಟಗಿರುತ್ತದೆ, ತೊಗಟೆಯ ಬಣ್ಣ ಬದಲಾಗಿರುತ್ತದೆ. ಗಂಟು ಮಣ್ಣಿನಲ್ಲಿ ಹೂತಿದ್ದರೆ ಬೇಡ.
- ಕುಂಡದ ತಳದಿಂದ ಬೇರು ಹೊರಬಂದು ಸುರುಳಿ ಸುತ್ತಿದ್ದರೆ ಬೇಡ.
- ಕಾಯಿ ತುಂಬಿ ನಿಂತ ಪುಟ್ಟ ಗಿಡಕ್ಕೆ ಮರುಳಾಗಬೇಡಿ. ಕಾಯಿಯಿಲ್ಲದ, ಗಟ್ಟಿ ಕಾಂಡದ, ಕಡು ಹಸಿರು ಎಲೆಯ ಗಿಡವೇ ಮುಂದೆ ಚೆನ್ನಾಗಿ ಬರುತ್ತದೆ.
- ಎಲೆಯ ಅಡಿಭಾಗ ತಿರುಗಿಸಿ ನೋಡಿ. ಹತ್ತಿಯಂಥ ಬಿಳಿ, ಕಂದು ಹೊಪ್ಪಳೆ, ಅಂಟು ಏನೂ ಇರಬಾರದು.

ಕಸಿಯ ಕೆಳಗಿನ ಭಾಗಕ್ಕೆ ಬೇರುಕಾಂಡ ಎನ್ನುತ್ತಾರೆ. ಮೇಲಿನದು ಹಣ್ಣಿನ ಜಾತಿಯನ್ನು ನಿರ್ಧರಿಸಿದರೆ ಕೆಳಗಿನದು ಗಿಡದ ಎತ್ತರ, ಚಳಿ ತಾಳುವ ಶಕ್ತಿ, ಮಣ್ಣಿನ ಹೊಂದಾಣಿಕೆಯನ್ನು ನಿರ್ಧರಿಸುತ್ತದೆ. ಮೂರೆಲೆ ಕಿತ್ತಳೆಯ ಬೇರುಕಾಂಡ ಚಳಿಗೆ ಗಟ್ಟಿ, ಹಣ್ಣಿನ ರುಚಿಯೂ ಚೆನ್ನ. ಆದರೆ ಸುಣ್ಣದ ಮಣ್ಣು ಅದಕ್ಕೆ ಆಗದು. ಅದರದೇ ಗಿಡ್ಡ ರೂಪವಾದ ಫ್ಲೈಯಿಂಗ್ ಡ್ರ್ಯಾಗನ್ ಕುಂಡಕ್ಕೆ ಹೇಳಿ ಮಾಡಿಸಿದಂತಿದೆ. ಒರಟು ನಿಂಬೆಯ ಬೇರುಕಾಂಡ ಬರ ತಾಳುತ್ತದೆ, ಬೇಗ ಬೆಳೆಯುತ್ತದೆ, ಆದರೆ ಬುಡ ಕೊಳೆಯುವ ರೋಗಕ್ಕೆ ಸುಲಭವಾಗಿ ಬಲಿಯಾಗುತ್ತದೆ. ಕೊಳ್ಳುವಾಗ ಬೇರುಕಾಂಡ ಯಾವುದೆಂದು ಕೇಳಿ, ಬರೆದಿಟ್ಟುಕೊಳ್ಳಿ.

ಹಂತ 3: ಜಾಗ

ದಿನಕ್ಕೆ ಕನಿಷ್ಠ 6 ಗಂಟೆ, ಸಿಕ್ಕರೆ 8 ಗಂಟೆ ನೇರ ಬಿಸಿಲು ಬೇಕು. ಅರೆನೆರಳಿನಲ್ಲಿ ಗಿಡ ಬದುಕುತ್ತದೆ, ಹಣ್ಣು ಬಿಡುವುದಿಲ್ಲ. ಬಿಸಿಲು ಬೀಳುವ ಗೋಡೆಯ ಪಕ್ಕ ಒಳ್ಳೆಯ ಜಾಗ. ಹಗಲು ಹೀರಿಕೊಂಡ ಬಿಸಿಯನ್ನು ಗೋಡೆ ರಾತ್ರಿಯಿಡೀ ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ನೀರಿನಂತೆ ಇಳಿಜಾರಿಗೆ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ ಅಂಗಳದ ಅತಿ ತಗ್ಗು ಮೂಲೆ ಬೇಡ. ಹುಲ್ಲುಹಾಸಿನ ನಡುವೆಯೂ ಬೇಡ. ಹುಲ್ಲಿಗೆ ಹಾಕುವ ನೀರಿನ ಲೆಕ್ಕ ಬೇರೆ, ಈ ಗಿಡದ ಲೆಕ್ಕ ಬೇರೆ.

ಹಂತ 4: ನೆಡುವುದು

ನೆಡಲು ಒಳ್ಳೆಯ ಕಾಲ ಚಳಿ ಕಳೆದು ನೆಲ ಬೆಚ್ಚಗಾಗುವ ಹೊತ್ತು.

ನೆಲದಲ್ಲಿ ನೆಡುವವರು ಮೊದಲು ನೀರು ಬಸಿಯುವುದನ್ನು ಪರೀಕ್ಷಿಸಿ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯುತ್ತದೆ ನೋಡಿ. ಎರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಇಳಿದರೆ ಆ ನೆಲದಲ್ಲಿ ಗುಂಡಿ ತೋಡಿ ನೆಡಬೇಡಿ. ಒಂದೂವರೆ ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 6ರಿಂದ 7ರ ನಡುವೆ ಇದ್ದರೆ ಚೆನ್ನ.

ಗುಂಡಿ ಬೇರಿನ ಹೆಂಟೆಯಷ್ಟೇ ಆಳ, ಅದರ ಎರಡು ಪಟ್ಟು ಅಗಲ ಇರಲಿ. ಹೆಂಟೆಯ ಮೇಲ್ಭಾಗ ನೆಲಕ್ಕಿಂತ ಎರಡು ಬೆರಳು ಮೇಲೆಯೇ ನಿಲ್ಲಬೇಕು. ಮಣ್ಣು ಕುಸಿದು ಹೇಗೂ ಸ್ವಲ್ಪ ಇಳಿಯುತ್ತದೆ. ತೋಡಿದ ಮಣ್ಣನ್ನೇ ಮರಳಿ ತುಂಬಿ, ನೀರು ಹಾಕಿ ಕೂರಿಸಿ.

ಇಲ್ಲಿ ಆಗುವ ತಪ್ಪುಗಳು ಎರಡು. ಗಿಡ ಅಲ್ಲಾಡದಿರಲಿ ಎಂದು ಬುಡಕ್ಕೆ ಮಣ್ಣು ಏರಿಸಿ ಕಸಿ ಗಂಟನ್ನೇ ಮುಚ್ಚಿಬಿಡುವುದು ಒಂದು. ಹಸಿ ಗೊಬ್ಬರವನ್ನೋ ರಾಸಾಯನಿಕ ಗೊಬ್ಬರವನ್ನೋ ಗುಂಡಿಯ ತಳಕ್ಕೆ ಸುರಿದು ಎಳೆ ಬೇರನ್ನು ಸುಡುವುದು ಇನ್ನೊಂದು. ಚೆನ್ನಾಗಿ ಕಳಿತ ಗೊಬ್ಬರವಾದರೂ ಮೇಲ್ಮಣ್ಣಿನಲ್ಲಿ ಹರಡಿದರೆ ಸಾಕು.

ಕುಂಡದಲ್ಲಿ ನೆಡುವುದಾದರೆ ಪುಟ್ಟ ಗಿಡಕ್ಕೆ 30 ಸೆಂಟಿಮೀಟರ್ ಅಗಲದ ಕುಂಡದಿಂದ ಶುರುಮಾಡಿ. ಒಂದೆರಡು ವರ್ಷಕ್ಕೊಮ್ಮೆ ಐದಾರು ಸೆಂಟಿಮೀಟರ್ ದೊಡ್ಡದಕ್ಕೆ ಬದಲಿಸುತ್ತಾ 45-50 ಸೆಂಟಿಮೀಟರ್‌ಗೆ ನಿಲ್ಲಿಸಿ. ಮೊದಲೇ ದೊಡ್ಡ ಕುಂಡದಲ್ಲಿಟ್ಟರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ. ಮಿಶ್ರಣಕ್ಕೆ ಎರಡು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಳಿತ ಗೊಬ್ಬರ ಸಾಕು. ಜಿಗುಟು ಮಣ್ಣಾದರೆ ಮರಳು ಹೆಚ್ಚಿಸಿ. ಬರೀ ತೆಂಗಿನ ನಾರಿನ ಪುಡಿಯಲ್ಲಿ ನೆಡುವುದನ್ನು ನಾನು ಒಪ್ಪುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದಿಟ್ಟಿರುತ್ತದೆ, ಹೊಸಬರಿಗೆ ಅಂದಾಜು ಸಿಗುವುದಿಲ್ಲ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ತಪ್ಪು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಕಲ್ಲುಗಳ ನಡುವಿನ ಸಂದಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲಿನ ಮಣ್ಣಿನಲ್ಲೇ ತಂಗಿ ನಿಲ್ಲುತ್ತದೆ. ಅಂದರೆ ಒದ್ದೆ ಪದರ ಬೇರಿಗೆ ಇನ್ನಷ್ಟು ಹತ್ತಿರವಾದಂತಾಯಿತು. ತೂತುಗಳ ಮೇಲೆ ಒಂದು ಬಲೆಯ ತುಂಡು ಇಟ್ಟು ನೇರವಾಗಿ ಮಣ್ಣು ತುಂಬಿ.

ಹಂತ 5: ನೀರು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ನನ್ನ ಮೊದಲ ಕುಂಡದ ನಿಂಬೆ ಬಾಡಿದಾಗ ನೀರು ಸಾಲದೇನೋ ಎಂದು ದಿನವೂ ಹಾಕಿದೆ. ಇನ್ನಷ್ಟು ಬಾಡಿತು. ಕೊನೆಗೆ ಕುಂಡ ಮಗುಚಿ ಬೇರನ್ನು ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಕವಚದಂತೆ ಜಾರಿ ಕೈಗೆ ಬಂತು. ಉಳಿದದ್ದು ಒಳಗಿನ ನೂಲಿನಂಥ ಎಳೆ ಮಾತ್ರ. ಮಣ್ಣಿಗೆ ಕೊಳೆತ ವಾಸನೆ. ಬೇರು ಕೊಳೆಯುವುದು ಎಂದರೆ ಇದು. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟುತ್ತದೆ, ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಆ ಸಮಯ ನೋಡಿ ಒಳಹೊಕ್ಕುತ್ತದೆ. ಬೇರು ಸತ್ತ ಗಿಡ ನೀರಿನ ನಡುವೆ ನಿಂತೂ ಬಾಡುತ್ತದೆ.

ಆದ್ದರಿಂದ ಬಾಡಿದ ಗಿಡ ಕಂಡ ಕೂಡಲೇ ಚೆಂಬು ಎತ್ತಬೇಡಿ, ಬೆರಳು ಇಳಿಸಿ. ತೋರುಬೆರಳಿನ ಎರಡನೇ ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂಟಿಮೀಟರ್, ಮಣ್ಣು ಒಣಗಿದ್ದರೆ ಮಾತ್ರ ನೀರು. ಎಲೆ ದೋಣಿಯಂತೆ ಒಳಕ್ಕೆ ಮಡಚಿ, ಮಣ್ಣು ಒಣಗಿದ್ದರೆ ಅದು ಬಾಯಾರಿಕೆ. ಎಲೆ ಜೋತುಬಿದ್ದು, ಮಣ್ಣು ಒದ್ದೆಯಿದ್ದರೆ ಅದು ಬೇರಿನ ತೊಂದರೆ. ಆಗ ನೀರು ನಿಲ್ಲಿಸಿ, ಕುಂಡವನ್ನು ಇಟ್ಟಿಗೆಗಳ ಮೇಲೆ ಎತ್ತಿಡಿ.

ಹಾಕುವಾಗ ಮಾತ್ರ ಧಾರಾಳವಾಗಿ ಹಾಕಿ. ಕುಂಡವಾದರೆ ತಳದಿಂದ ಹರಿದು ಬರುವಷ್ಟು, ನೆಲವಾದರೆ ಒಂದೂವರೆ ಎರಡು ಅಡಿ ಆಳಕ್ಕೆ ಇಳಿಯುವಷ್ಟು. ದಿನಕ್ಕೊಂದು ಲೋಟ ಚಿಮುಕಿಸುವುದರಿಂದ ಬೇರು ಮೇಲ್ಪದರದಲ್ಲೇ ಉಳಿಯುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. ಬೇಸಿಗೆಯಲ್ಲಿ ಕುಂಡಕ್ಕೆ ಎರಡು ಮೂರು ದಿನಕ್ಕೊಮ್ಮೆ, ಬೇರೂರಿದ ಮರಕ್ಕೆ ವಾರ ಹತ್ತು ದಿನಕ್ಕೊಮ್ಮೆ ಬೇಕಾಗಬಹುದು. ಚಳಿಗಾಲದಲ್ಲಿ ಕುಂಡಕ್ಕೂ ಹತ್ತು ದಿನ ಬೇಡವಾಗಬಹುದು. ಕ್ಯಾಲೆಂಡರ್ ನಂಬಬೇಡಿ, ಬೆರಳು ನಂಬಿ.

ನೆಲದ ಗಿಡಕ್ಕೆ ಪಾತಿ ಎರಡು ಸುತ್ತಿನದಾಗಿರಲಿ. ಕಾಂಡದ ಸುತ್ತ ಒಂದು ಗೇಣು ಬಿಟ್ಟು ಒಳಗಿನ ಬದು, ಎಲೆಗಳ ಹರವು ಮುಗಿಯುವಲ್ಲಿ ಹೊರಗಿನ ಬದು. ನೀರು ಈ ಎರಡರ ನಡುವೆ ನಿಲ್ಲಬೇಕು, ಕಾಂಡ ಒಣಗಿರಬೇಕು. ನೀರು ಹೀರುವ ಸಣ್ಣ ಬೇರುಗಳಿರುವುದೂ ಹೊರಗಡೆಯೇ. ಒಣ ಎಲೆ, ಹುಲ್ಲಿನ ಹೊದಿಕೆಯನ್ನೂ ಕಾಂಡಕ್ಕೆ ತಾಗಿಸಬೇಡಿ.

ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಗಡಸು ನೀರಿನ ಲವಣ ಸೇರಿದೆ ಎಂದರ್ಥ. ಎರಡು ಮೂರು ತಿಂಗಳಿಗೊಮ್ಮೆ ಕುಂಡದ ಎರಡು ಪಟ್ಟು ನೀರನ್ನು ನಿಧಾನವಾಗಿ ಹರಿಸಿ ತೊಳೆಯಿರಿ. ಸಿಕ್ಕರೆ ಮಳೆನೀರು.

ಹಂತ 6: ಗೊಬ್ಬರ, ಮತ್ತು ಎಲೆಯನ್ನು ಓದುವುದು

ನಿಂಬೆ ಜಾತಿಯ ಗಿಡಗಳಿಗೆ ಸಾರಜನಕ ಹೆಚ್ಚು ಬೇಕು. ನೆಲದಲ್ಲಿ ಬೆಳೆದ ದೊಡ್ಡ ಮರಕ್ಕೆ ವರ್ಷಕ್ಕೆ ಸುಮಾರು 450 ಗ್ರಾಂ ಸಾರಜನಕ, ಅಂದರೆ ಯೂರಿಯಾ ಲೆಕ್ಕದಲ್ಲಿ ಒಂದು ಕಿಲೋ. ನೆಟ್ಟ ಮೊದಲ ವರ್ಷ ಅದರ ಹತ್ತನೇ ಒಂದು ಭಾಗ ಸಾಕು, ಆಮೇಲೆ ವರ್ಷವರ್ಷ ಏರಿಸುತ್ತಾ ಹೋಗಿ. ಒಟ್ಟಿಗೇ ಸುರಿಯದೆ ಮೂರು ನಾಲ್ಕು ಕಂತು ಮಾಡಿ. ಮೊದಲ ಕಂತು ಚಳಿ ಮುಗಿದು ಚಿಗುರು ಮೂಡುವ ಮುಂಚೆ, ಕೊನೆಯದು ಮುಂದಿನ ಚಳಿಗೆ ಎರಡು ತಿಂಗಳು ಇರುವಾಗ. ತಡವಾಗಿ ಹಾಕಿದರೆ ಎಳೆ ಚಿಗುರು ಚಳಿಯ ಬಾಯಿಗೆ ಸಿಕ್ಕುತ್ತದೆ. ಸಾವಯವವೇ ಬೇಕೆಂದರೆ ಕಳಿತ ಗೊಬ್ಬರ, ಎರೆಗೊಬ್ಬರ, ಬೇವಿನ ಹಿಂಡಿ ತಿಂಗಳಿಗೊಮ್ಮೆ ಹಿಡಿಹಿಡಿಯಾಗಿ ಕೊಡಿ. ಕುಂಡದ ಗಿಡಕ್ಕೆ ಸತು, ಕಬ್ಬಿಣ, ಮ್ಯಾಂಗನೀಸ್‌ನಂಥ ಲಘು ಪೋಷಕಾಂಶಗಳೂ ಬೇಕೇ ಬೇಕು. ಪ್ರತಿ ಸಲ ನೀರು ಹಾಕಿದಾಗಲೂ ಅವು ತೊಳೆದುಹೋಗುತ್ತಿರುತ್ತವೆ.

ಹಳದಿ ಎಲೆ ಕಂಡಾಗ ಮೊದಲು ಕೇಳಬೇಕಾದ್ದು: ಹಳೆಯ ಎಲೆಯೋ, ಹೊಸ ಎಲೆಯೋ?

- ಹಳೆಯ ಎಲೆ ಪೂರ್ತಿ ಒಂದೇ ಸಮ ಹಳದಿಯಾದರೆ ಸಾರಜನಕದ ಕೊರತೆ.
- ಹಳೆಯ ಎಲೆಯ ತೊಟ್ಟಿನ ಬಳಿ ಹಸಿರು ತ್ರಿಕೋನ ಉಳಿದು ಉಳಿದದ್ದೆಲ್ಲ ಹಳದಿಯಾದರೆ ಮೆಗ್ನೀಸಿಯಂ ಕೊರತೆ.
- ಹೊಸ ಎಲೆ ಹಳದಿಯಾಗಿ, ನರಗಳು ಮಾತ್ರ ಸಣ್ಣ ಹಸಿರು ಬಲೆಯಂತೆ ಕಂಡರೆ ಕಬ್ಬಿಣ ಸಿಗುತ್ತಿಲ್ಲ. ಸುಣ್ಣದ ಮಣ್ಣಿನಲ್ಲಿ, ನೀರು ನಿಂತ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ.
- ಹೊಸ ಎಲೆ ಕಿರಿದಾಗಿ, ಒತ್ತೊತ್ತಾಗಿ ಬಂದು, ನರಗಳ ನಡುವೆ ಹಳದಿ ಮಚ್ಚೆಯಿದ್ದರೆ ಸತುವಿನ ಕೊರತೆ.

ಸತುವಿಗೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣ ಬೆರೆಸಿ ಸೋಸಿ, ಹೊಸ ಎಲೆ ಮುಕ್ಕಾಲು ಪಾಲು ಬಲಿತಾಗ ಸಿಂಪಡಿಸಿ. ಕಬ್ಬಿಣಕ್ಕೆ ಕೀಲೇಟ್ ರೂಪದ್ದು, ಅಂದರೆ ಮಣ್ಣಿನಲ್ಲಿ ಸಿಕ್ಕಿಬೀಳದಂತೆ ಕಾಪು ಕೊಟ್ಟಿರುವ ಕಬ್ಬಿಣ, ತನ್ನಿ. ಆದರೆ ನಡುಚಳಿಯಲ್ಲಿ ಎಲೆ ಮಂಕಾದರೆ ಏನೂ ಹಾಕಬೇಡಿ. ತಣ್ಣನೆಯ ಮಣ್ಣಿನಲ್ಲಿ ಬೇರು ಕೆಲಸ ಮಾಡದಿರುವುದರಿಂದ ಆ ಹಳದಿ. ನೆಲ ಬೆಚ್ಚಗಾದರೆ ತಾನೇ ಹಸಿರಾಗುತ್ತದೆ.

ಹಂತ 7: ಚಳಿಗಾಲ ಕಳೆಯುವುದು

ಸೊನ್ನೆಗಿಂತ ಮೇಲಿರುವ ರಾತ್ರಿಗಳಲ್ಲಿ ಬೇರೂರಿದ ಗಿಡಕ್ಕೆ ನೀವು ಮಾಡಬೇಕಾದ್ದು ಏನೂ ಇಲ್ಲ. ಹಿಮ ಬೀಳುವ ಸೂಚನೆ ಇದ್ದರೆ ಮಾತ್ರ ಹೀಗೆ ಮಾಡಿ:

1. ಹಿಂದಿನ ದಿನ ಬೆಳಿಗ್ಗೆ ನೆಲಕ್ಕೆ ನೀರು ಹಾಯಿಸಿ. ಒದ್ದೆ ನೆಲ ಒಣನೆಲಕ್ಕಿಂತ ಹೆಚ್ಚು ಬಿಸಿ ಹಿಡಿದಿಟ್ಟು ರಾತ್ರಿ ಬಿಡುತ್ತದೆ.
2. ಬುಡದ ಹೊದಿಕೆಯನ್ನು ಪಕ್ಕಕ್ಕೆ ಸರಿಸಿ, ಬಿಸಿಲು ಮಣ್ಣಿಗೇ ಬೀಳಲಿ.
3. ಸಂಜೆ, ಬಿಸಿ ಇನ್ನೂ ಉಳಿದಿರುವಾಗಲೇ, ಹಳೆಯ ಬಟ್ಟೆ ಅಥವಾ ಗೋಣಿ ಹೊದಿಸಿ. ಬಟ್ಟೆ ನೆಲ ಮುಟ್ಟಬೇಕು, ಏಕೆಂದರೆ ನಾವು ಹಿಡಿದಿಡುತ್ತಿರುವುದು ನೆಲದ ಬಿಸಿಯನ್ನು. ಮೇಲಷ್ಟೇ ಸುತ್ತಿ ಕಾಂಡಕ್ಕೆ ಕಟ್ಟಿದರೆ ಪ್ರಯೋಜನವಿಲ್ಲ. ಪ್ಲಾಸ್ಟಿಕ್ ಹಾಳೆ ಎಲೆಗೆ ತಾಗಿದಲ್ಲೆಲ್ಲ ಎಲೆ ಸುಡುತ್ತದೆ.
4. ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ.

ಎಳೆ ಗಿಡವಾದರೆ ಕಾಂಡಕ್ಕೆ ಕಸಿ ಗಂಟಿನ ಮೇಲಿನವರೆಗೂ ರಟ್ಟು ಅಥವಾ ಗೋಣಿ ಸುತ್ತಿ. ಮೇಲಿನ ಕೊಂಬೆ ಹೋದರೂ ಗಂಟು ಉಳಿದರೆ ಮರ ಮತ್ತೆ ಬರುತ್ತದೆ.

ಹಿಮಕ್ಕೆ ಸಿಕ್ಕ ಕೊಂಬೆಯನ್ನು ಕೂಡಲೇ ಕತ್ತರಿಸುವುದು ದೊಡ್ಡ ತಪ್ಪು. ಸತ್ತಂತೆ ಕಾಣುವ ಕೊಂಬೆಯ ತೊಗಟೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಅಡಿಯಲ್ಲಿ ಹಸಿರಿದ್ದರೆ ಜೀವವಿದೆ. ಹೊಸ ಚಿಗುರು ಬಂದು ಎಲ್ಲಿಯವರೆಗೆ ಸತ್ತಿದೆ ಎಂದು ಗಿಡವೇ ತೋರಿಸುವವರೆಗೂ ಕಾಯಿರಿ.

ಕುಂಡವನ್ನು ಒಳಗೆ ತರುವವರು ಒಂದು ಎಚ್ಚರ ವಹಿಸಿ. ತಣ್ಣನೆಯ ಕಲ್ಲಿನ ಮೇಲೆ ಕುಂಡ, ಎಲೆಯ ಮೇಲೆ ಕಿಟಕಿಯ ಚುರುಕು ಬಿಸಿಲು ಇದ್ದರೆ ಎಲೆ ನೀರು ಕೇಳುತ್ತದೆ, ತಣ್ಣಗಿರುವ ಬೇರು ಕೊಡುವುದಿಲ್ಲ. ಗಿಡ ಎಲೆಗಳನ್ನೆಲ್ಲ ಉದುರಿಸಿಬಿಡುತ್ತದೆ. ಕುಂಡದಡಿ ಮರದ ಹಲಗೆ ಇಡಿ. ಹಗಲು ಹಿತವಾಗಿದ್ದರೆ ಹೊರಗಿಡಿ. ನಿಜ ಹೇಳಬೇಕೆಂದರೆ, ಹದವಾದ ಚಳಿಯಲ್ಲಿ ಗೋಡೆ ಬದಿಯ ಜಾಗ ಮನೆಯೊಳಗಿಗಿಂತ ಎಷ್ಟೋ ಮೇಲು.

ಹಂತ 8: ಹೂವು ಮತ್ತು ಹೀಚು

ಹೂವೆಲ್ಲ ಉದುರಿತು ಎಂದು ಕಂಗಾಲಾಗುವವರಿಗೆ ಸಮಾಧಾನದ ಮಾತು: ನೂರು ಹೂವಿಗೆ ಒಂದೆರಡು ಹಣ್ಣು ನಿಂತರೆ ಅದೇ ಸರಿಯಾದ ಲೆಕ್ಕ. ಹೂವಿನ ಹೊತ್ತಿಗೊಮ್ಮೆ, ಹೀಚು ಬಟಾಣಿಯಷ್ಟಾದಾಗೊಮ್ಮೆ, ಗೋಲಿಯಷ್ಟಾದಾಗ ಇನ್ನೊಮ್ಮೆ ಗಿಡ ತಾನು ಸಾಕಲಾಗದ್ದನ್ನು ಕಳಚುತ್ತದೆ. ಇದ್ದಬದ್ದ ಹೀಚೆಲ್ಲ ಉದುರಿದರೆ ಮಾತ್ರ ನೀರಿನ ಏರುಪೇರು, ಬಿಸಿಗಾಳಿ ಅಥವಾ ನೆರಳು ಕಾರಣವಿರಬಹುದು. ಹೂ ಮತ್ತು ಹೀಚಿನ ಕಾಲದಲ್ಲಿ ಮಣ್ಣು ಒಮ್ಮೆಯೂ ಪೂರ್ತಿ ಒಣಗದಂತೆ ನೋಡಿಕೊಳ್ಳಿ. ಒಣಗಿಸಿ ಆಮೇಲೆ ಒಮ್ಮೆಲೇ ನೀರು ಕೊಟ್ಟರೆ ಬಲಿತ ಕಾಯಿ ಬಿರಿಯುವುದೂ ಉಂಟು.

ಹೆಚ್ಚಿನವುಗಳಿಗೆ ಪರಾಗಸ್ಪರ್ಶಕ್ಕೆ ಇನ್ನೊಂದು ಗಿಡ ಬೇಡ. ಮನೆಯೊಳಗೆ ಹೂ ಬಿಟ್ಟರೆ ಮೃದು ಕುಂಚವನ್ನು ಹೂವಿಂದ ಹೂವಿಗೆ ಆಡಿಸಿದರೆ ಸಾಕು.

ಗಿಡ ಬಲಿತಿದೆ, ಎಲೆ ಚೆನ್ನಾಗಿದೆ, ಹೂವಿಲ್ಲ ಎಂದರೆ ಚಳಿ ಸಾಲದೆ ಇರಬಹುದು. ಆಗ ಬೇರೂರಿದ ನೆಲದ ಮರಕ್ಕೆ ನಾಲ್ಕರಿಂದ ಆರು ವಾರ ನೀರು ಬಿಗಿಹಿಡಿಯಿರಿ. ಎಲೆ ಮಧ್ಯಾಹ್ನ ಮಡಚಿ, ಬೆಳಗಾದರೂ ಪೂರ್ತಿ ಬಿಚ್ಚದ ಹಂತ ಬಂದಾಗ ಗೊಬ್ಬರದೊಂದಿಗೆ ಭರ್ತಿ ನೀರು ಕೊಡಿ. ಮೂರು ನಾಲ್ಕು ವಾರದಲ್ಲಿ ಮೊಗ್ಗು ಮೂಡುತ್ತದೆ. ಎಳೆಯ ಗಿಡಕ್ಕೆ ಇದನ್ನು ಮಾಡಬೇಡಿ. ಕುಂಡದ ಮಣ್ಣು ಬೇಗ ಒಣಗುವುದರಿಂದ ಅಲ್ಲಿಯೂ ಬೇಡ.

ಮೊದಲ ಎರಡು ವರ್ಷದ ಹೀಚುಗಳನ್ನು ಚಿವುಟಿ ಹಾಕಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ರುಚಿ ನೋಡಲು ಒಂದೆರಡು ಉಳಿಸಿಕೊಳ್ಳಿ.

ಹಂತ 9: ಹುಳ ಮತ್ತು ರೋಗ

ಎಳೆ ಎಲೆಯನ್ನು ಬೆಳಕಿಗೆ ಹಿಡಿದರೆ ಬೆಳ್ಳಿಯ ಬಣ್ಣದ ಸುರುಳಿ ಗೆರೆಗಳು ಕಾಣುತ್ತವೆಯೇ? ಅದು ರಂಗೋಲಿ ಹುಳು. ಎಲೆಯ ಮೇಲ್ಪೊರೆಯಡಿ ಸುರಂಗ ಕೊರೆಯುತ್ತದೆ. ನೋಡಲು ಕೆಟ್ಟದಾದರೂ ದೊಡ್ಡ ಗಿಡಕ್ಕೆ ಹಾನಿ ಕಡಿಮೆ. ಎಲೆ ಕೀಳಬೇಡಿ, ಉಳಿದ ಹಸಿರು ಇನ್ನೂ ಊಟ ತಯಾರಿಸುತ್ತಿರುತ್ತದೆ.

ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಅಲ್ಲಾಡಿದರೆ ಅದು ನಿಂಬೆ ಚಿಟ್ಟೆಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಚಾಚಿ ಕಟುವಾಸನೆ ಬಿಡುತ್ತದೆ. ಪುಟ್ಟ ಗಿಡವನ್ನು ನಾಲ್ಕು ದಿನದಲ್ಲಿ ಬೋಳುಮಾಡಬಲ್ಲದು, ಕೈಯಿಂದ ತೆಗೆಯಿರಿ. ದೊಡ್ಡ ಮರದಲ್ಲಿದ್ದರೆ ನಾಲ್ಕು ಎಲೆ ಬಿಟ್ಟುಕೊಡಿ, ಚಿಟ್ಟೆಯಾಗಿ ಹಾರಲಿ.

ಗಿಡಹೇನು, ಹಿಟ್ಟು ತಿಗಣೆ, ಹೊಪ್ಪಳೆಯಂತೆ ಅಂಟಿರುವ ಶಲ್ಕ ಕೀಟ ಇವು ರಸ ಹೀರುತ್ತವೆ, ಸಿಹಿ ಅಂಟು ಸುರಿಸುತ್ತವೆ. ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಇರುವೆ ಸಾಲು ಕಂಡರೆ ಇವು ಇವೆ ಎಂದೇ ತಿಳಿಯಿರಿ. ಆ ಸಿಹಿಗಾಗಿ ಇರುವೆಗಳೇ ಇವನ್ನು ಕಾಯುತ್ತವೆ. ಕಾಂಡಕ್ಕೆ ಬಟ್ಟೆಪಟ್ಟಿ ಸುತ್ತಿ ಅದರ ಮೇಲೆ ಅಂಟು ಬಳಿದು ಇರುವೆ ತಡೆಯಿರಿ. ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಕೆಲವು ಹನಿ ಸೌಮ್ಯ ದ್ರವ ಸೋಪು ಬೆರೆಸಿ ಎಲೆಯಡಿ ತೋಯುವಂತೆ ಸಂಜೆ ಸಿಂಪಡಿಸಿ. ಸುಡುಬಿಸಿಲಿನಲ್ಲಿ ಎಣ್ಣೆ ಸಿಂಪಡಿಸಿದರೆ ಎಲೆ ಸುಡುತ್ತದೆ.

ಕಜ್ಜಿ ರೋಗದಲ್ಲಿ ಎಲೆ, ಕಾಯಿಗಳ ಮೇಲೆ ಹಳದಿ ಅಂಚಿನ ಒರಟು ಕಂದು ಗುಳ್ಳೆಗಳು ಏಳುತ್ತವೆ. ಇದು ಬ್ಯಾಕ್ಟೀರಿಯಾದ ರೋಗ, ಮಳೆಹನಿಯ ಸಿಡಿತದಿಂದ ಹರಡುತ್ತದೆ. ಸೋಂಕಿನ ಕೊಂಬೆ ತೆಗೆದು ಶೇಕಡಾ 1ರ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ, ಸಿಂಪಡಿಸಿ. ಬುಡದ ತೊಗಟೆ ಬಿರಿದು ಅಂಟು ಸೋರುತ್ತಿದ್ದರೆ ಅದು ನೀರು ಹೆಚ್ಚಾಗಿದ್ದಕ್ಕೆ ಬಂದ ರೋಗ. ಕಾಂಡದ ಸುತ್ತಲಿನ ಮಣ್ಣು ಸರಿಸಿ, ಕೊಳೆತ ತೊಗಟೆ ಕೆತ್ತಿ, ಬೋರ್ಡೋ ಮುಲಾಮು ಹಚ್ಚಿ.

ಭಯಪಡಬೇಕಾದ್ದು ಒಂದಕ್ಕೆ: ಗ್ರೀನಿಂಗ್ ರೋಗ. ಸಿಲ್ಲಿಡ್ ಎಂಬ ಪುಟ್ಟ ಕೀಟ ಹರಡುವ ಈ ಬ್ಯಾಕ್ಟೀರಿಯಾ ರೋಗಕ್ಕೆ ಗುಣಪಡಿಸುವ ಮದ್ದಿಲ್ಲ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಮೇಲೆ ಅಲ್ಲಿನ ಕಿತ್ತಳೆ ತೋಟಗಳನ್ನು ನೆಲಕಚ್ಚಿಸಿತು. ಪೋಷಕಾಂಶದ ಕೊರತೆಯಲ್ಲಿ ಎಲೆಯ ನಡುನರದ ಎರಡೂ ಬದಿ ಒಂದೇ ಥರ ಹಳದಿಯಾಗುತ್ತದೆ. ಗ್ರೀನಿಂಗ್‌ನಲ್ಲಿ ಒಂದು ಬದಿಯ ಮಚ್ಚೆ ಇನ್ನೊಂದು ಬದಿಗೆ ಹೊಂದುವುದಿಲ್ಲ. ಹಣ್ಣು ಸೊಟ್ಟಗಾಗುತ್ತದೆ, ಕಹಿಯಾಗುತ್ತದೆ. ಅನುಮಾನ ಬಂದರೆ ಕೃಷಿ ತಜ್ಞರಿಗೆ ತೋರಿಸಿ, ಖಚಿತವಾದರೆ ಗಿಡ ತೆಗೆದುಬಿಡಿ. ದೂರದ ಊರುಗಳಿಂದ ಸಸಿ, ಕಸಿ ಕಡ್ಡಿ ತರುವುದನ್ನು ಬಿಡಿ. ಹಲವು ಕಡೆ ಅದಕ್ಕೆ ಕಾನೂನಿನ ನಿರ್ಬಂಧವೂ ಇದೆ.

ಹಂತ 10: ಸವರುವುದು

ಕತ್ತರಿಗೆ ಇಲ್ಲಿ ಕೆಲಸ ಕಡಿಮೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ನೆಟ್ಟಗೆ ಚಿಮ್ಮುವ ದಪ್ಪ ನೀರುಕೊಂಬೆ ಇಷ್ಟನ್ನು ತೆಗೆದರೆ ಸಾಕು. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರನ್ನು ಮಾತ್ರ ಕಂಡ ಕೂಡಲೇ ಬುಡಸಮೇತ ಕಿತ್ತುಹಾಕಿ. ಒಂದು ತೊಟ್ಟಿಗೆ ಮೂರು ಎಲೆ ಇದ್ದರೆ ಅದು ಖಂಡಿತ ಮೂರೆಲೆ ಬೇರುಕಾಂಡದ್ದು. ಗಮನಿಸದೆ ಬಿಟ್ಟರೆ ಅದೇ ಮರವಾಗಿ ನಿಮ್ಮ ನಿಂಬೆಯನ್ನು ನುಂಗುತ್ತದೆ. ಸವರಿ ಬಯಲಾದ ಕಾಂಡಕ್ಕೆ ಬಿಸಿಲು ಹೊಡೆಯದಂತೆ ಸುಣ್ಣ ಬಳಿಯಿರಿ.

ಹಂತ 11: ಕೊಯ್ಲು

ನಿಂಬೆ ಜಾತಿಯ ಹಣ್ಣು ಕಿತ್ತ ಮೇಲೆ ಮಾಗುವುದಿಲ್ಲ. ಬಾಳೆ, ಮಾವಿನ ಹಾಗೆ ಮನೆಯಲ್ಲಿಟ್ಟು ಸಿಹಿ ಬರಿಸಲು ಆಗದು. ಹಾಗಾಗಿ ಬಣ್ಣ ನೋಡಿ ಮೋಸಹೋಗಬೇಡಿ, ಒಂದನ್ನು ಕಿತ್ತು ರುಚಿ ನೋಡಿ. ಹುಳಿಯಿದ್ದರೆ ಎರಡು ವಾರ ಬಿಟ್ಟು ಇನ್ನೊಂದು. ಎಳೆದು ಕಿತ್ತರೆ ತೊಟ್ಟಿನ ಬಳಿ ಸಿಪ್ಪೆ ಹರಿದು ಹಣ್ಣು ಕೊಳೆಯುತ್ತದೆ, ಕತ್ತರಿಯಿಂದ ತೊಟ್ಟಿಗೆ ಸಮನಾಗಿ ಕತ್ತರಿಸಿ.

ನಿಂಬೆ ತನ್ನ ಗಾತ್ರಕ್ಕೆ ಬಂದು ಸಿಪ್ಪೆ ನುಣುಪಾದಾಗ ಕೊಯ್ಯಬಹುದು. ತೀರಾ ಬಿಟ್ಟರೆ ಸಿಪ್ಪೆ ದಪ್ಪಗಾಗುತ್ತದೆ. ಮ್ಯಾಂಡರಿನ್‌ಗಳನ್ನು ಮಾಗಿದ ಕೂಡಲೇ ಕೊಯ್ದುಬಿಡಿ, ತಡವಾದರೆ ಸಿಪ್ಪೆ ಉಬ್ಬಿ ತೊಳೆ ಒಣಗುತ್ತದೆ. ಕಿತ್ತಳೆಗೆ ಮರವೇ ಉಗ್ರಾಣ. ಮಾಗಿದ ಮೇಲೂ ವಾರಗಟ್ಟಲೆ ಮರದಲ್ಲಿ ಚೆನ್ನಾಗಿರುತ್ತದೆ, ಬೇಕಾದಷ್ಟೇ ಕೊಯ್ದುಕೊಳ್ಳಿ. ವೆಲೆನ್ಸಿಯಾ ತಳಿಯ ಹಣ್ಣು ಚಳಿ ಕಳೆದು ಬಿಸಿಲೇರಿದಾಗ ಮತ್ತೆ ಹಸಿರಿಗೆ ತಿರುಗುವುದುಂಟು. ಅದನ್ನು ಕಾಯಿ ಎಂದುಕೊಂಡು ಕಾಯುತ್ತಾ ಕೂರಬೇಡಿ, ಒಳಗೆ ತೊಳೆ ಆಗಲೇ ಸಿಹಿಯಾಗಿರುತ್ತದೆ.